ಇಂಗ್ಲಿಷ್ ಕಲಿಯುವವರ ಮೊದಲ ಪಾಠ ಬಟ್ಟೆಯ ಲೇಬಲ್ ಆಗಲಿ

ಮಾನ್ಯ ಸಂಪಾದಕರೇ,

ಗೌರಿ-ಗಣೇಶ ಹಬ್ಬ ಹತ್ತಿರ ಬಂತು. ನಿಮ್ಮ ಪತ್ರಿಕೆಯಲ್ಲೂ ಬಟ್ಟೆ ಅಂಗಡಿಗಳ ಪುಟಗಟ್ಟಲೆ ಜಾಹೀರಾತು ಶುರುವಾಗಿದೆ. ಈ ಹೊತ್ತಿನಲ್ಲಿ ಒಂದು ವಿಷಯ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ದೊಡ್ಡವರಾದ ಮೇಲೆ ಇಂಗ್ಲಿಷ್ ಕಲಿಯಬೇಕೆಂದು ಬರುವ ನಮ್ಮ ಹೆಣ್ಣುಮಕ್ಕಳಿಗೆ ಮೊದಲ ಪಾಠ ಬಟ್ಟೆಯ ಲೇಬಲ್ ಆಗಬೇಕು. 'ಮೈ ನೇಮ್ ಈಸ್' ಆಮೇಲೆ ಬಂದರೂ ನಡೆಯುತ್ತದೆ.

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ಊರು ದೊಡ್ಡಬಳ್ಳಾಪುರ. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಒಂದಷ್ಟು ಜನ ಸೇರುತ್ತಾರೆ. ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು, ಉಳಿದವರು ಮಗ್ಗದ ಮನೆಯವರು. ನಮ್ಮೂರಲ್ಲಿ ಅಪೆರಲ್ ಪಾರ್ಕೂ ಇದೆ, ಬೀದಿ ಬೀದಿಯಲ್ಲಿ ವಿದ್ಯುತ್ ಮಗ್ಗದ ಸದ್ದೂ ಇದೆ. ಬಟ್ಟೆಯ ನಡುವೆಯೇ ಬದುಕುವ ಜನ ಇವರು. ಲೈನಿನಲ್ಲಿ ಕೂತು ಬೆಳಗಿನಿಂದ ಸಂಜೆವರೆಗೂ ವಾಶ್ ಕೇರ್ ಲೇಬಲ್, ಅಂದರೆ ಬಟ್ಟೆ ಹೇಗೆ ಒಗೆಯಬೇಕು ಅಂತ ಹೇಳುವ ಪಟ್ಟಿ, ಹೊಲಿಯುವವರೂ ಇವರಲ್ಲಿ ಇದ್ದಾರೆ. ಲೇಬಲ್ ಸ್ವಲ್ಪ ಸೊಟ್ಟಗಾದರೂ ಪೀಸ್ ವಾಪಸ್ ಬರುತ್ತದೆ, ಬೈಗುಳ ಬೇರೆ. ಆದರೆ ಅದರಲ್ಲಿ ಏನು ಬರೆದಿದೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಇದು ನನ್ನ ಮನಸ್ಸಿಗೆ ತುಂಬಾ ನೋವು ಕೊಟ್ಟಿದೆ.

ಇವರಲ್ಲೇ ಒಬ್ಬರು ತಂಗಿಯ ಮದುವೆಗೆ ಅಂತ ಮಗಳಿಗೆ 2,800 ರೂಪಾಯಿಯ ಲೆಹೆಂಗಾ ತಂದರು. ಓವರ್‌ಟೈಮ್ ಮಾಡಿ ಕೂಡಿಟ್ಟ ದುಡ್ಡು ಅದು. ಮದುವೆ ಮುಗಿದ ಮೇಲೆ ಸೋಪಿನ ನೀರಲ್ಲಿ ನೆನೆಹಾಕಿ, ಬ್ರಷ್ ಹಾಕಿ ಒಗೆದರು. ಒಳಗಿನ ಲೈನಿಂಗ್ ಕುಗ್ಗಿತು, ಮೇಲಿನ ಬಟ್ಟೆ ಜೋಲು ಬಿತ್ತು. ಕೆಂಪು ಬಣ್ಣ ಬಿಟ್ಟು ಅಂಚಿಗೆಲ್ಲ ಹತ್ತಿತು. ಸೊಂಟದ ಒಳಗೆ 'ಡ್ರೈ ಕ್ಲೀನ್ ಓನ್ಲಿ' ಅಂತ ಲೇಬಲ್ ಇತ್ತು, ಅಂದರೆ ಮನೆಯಲ್ಲಿ ಒಗೆಯದೆ ಡ್ರೈಕ್ಲೀನಿಂಗ್‌ಗೆ ಮಾತ್ರ ಕೊಡಬೇಕು ಅಂತ. ಅಂಗಡಿಗೆ ಹೋದರೆ ಅದನ್ನೇ ತೋರಿಸಿ, ನಮ್ಮ ತಪ್ಪಿಲ್ಲ ಅಂದರು. ಕಾನೂನಿನ ಲೆಕ್ಕದಲ್ಲಿ ಅವರ ಮಾತು ಸರಿಯೇ ಇರಬಹುದು. ಆದರೆ ಮಾರುವಾಗ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಆವತ್ತಿನಿಂದ ನಮ್ಮ ಪಾಠದ ರೀತಿಯೇ ಬದಲಾಯಿತು. ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಬಟ್ಟೆ ತರುತ್ತಾರೆ. ನೈಟಿ, ಮಗನ ಯೂನಿಫಾರಂ, ಗಂಡನ ಪ್ಯಾಂಟು, ಏನಾದರೂ ಸರಿ. ಒಳಗೆ ತಿರುಗಿಸಿ ಲೇಬಲ್ ಹುಡುಕುತ್ತೇವೆ. ಕುತ್ತಿಗೆಯ ಹತ್ತಿರ ಇರುವುದು ಬ್ರ್ಯಾಂಡ್ ಮತ್ತು ಸೈಜ್. ಅಸಲು ವಿಷಯ ಇರುವುದು ಎಡಗಡೆ ಪಕ್ಕದ ಹೊಲಿಗೆಯೊಳಗೆ ಸೇರಿಸಿರುವ ಉದ್ದನೆಯ ಪಟ್ಟಿಯಲ್ಲಿ. ಎಷ್ಟೋ ಜನ ಚುಚ್ಚುತ್ತದೆ ಅಂತ ಅದನ್ನು ಮೊದಲ ದಿನವೇ ಕತ್ತರಿಸಿ ಬಿಸಾಡುತ್ತಾರೆ. ಕತ್ತರಿಸಿ, ಪರವಾಗಿಲ್ಲ. ಬಿಸಾಡಬೇಡಿ. ಯಾವ ಬಟ್ಟೆಯದು ಅಂತ ಬರೆದು ಒಂದು ಡಬ್ಬಿಯಲ್ಲಿ ಹಾಕಿಡಿ.

ಚಿತ್ರಗಳಿಂದ ಶುರು ಮಾಡಿದರೆ ಕಲಿಯುವವರ ಹೆದರಿಕೆ ಅರ್ಧ ಹೋಗುತ್ತದೆ. ನೀರಿನ ತೊಟ್ಟಿಯ ಚಿತ್ರ ಒಗೆಯುವುದಕ್ಕೆ ಸಂಬಂಧಪಟ್ಟದ್ದು. ಅದರೊಳಗೆ 30 ಅಂತ ಇದ್ದರೆ ನೀರು 30 ಡಿಗ್ರಿಗಿಂತ ಬಿಸಿ ಇರಬಾರದು, ಅಂದರೆ ನಮ್ಮ ನಲ್ಲಿಯ ತಣ್ಣೀರೇ ಸಾಕು. ತೊಟ್ಟಿಯೊಳಗೆ ಕೈ ಇದ್ದರೆ ಮೆಷಿನ್ನಿಗೆ ಹಾಕದೆ ಕೈಯಲ್ಲಿ ಮೆತ್ತಗೆ ಒಗೆಯಬೇಕು. ತ್ರಿಕೋನ ಬ್ಲೀಚಿಗೆ. ಚೌಕದೊಳಗಿನ ಸುತ್ತು ಬಟ್ಟೆ ಒಣಗಿಸುವ ಮೆಷಿನ್ನಿಗೆ, ನಮ್ಮ ಕಡೆ ಮನೆಗಳಲ್ಲಿ ಅದು ಕಡಿಮೆ. ಇಸ್ತ್ರಿಪೆಟ್ಟಿಗೆಯ ಚಿತ್ರದಲ್ಲಿ ಒಂದು ಚುಕ್ಕಿ ಇದ್ದರೆ ಕಡಿಮೆ ಬಿಸಿ, ಎರಡಿದ್ದರೆ ಮಧ್ಯಮ ಬಿಸಿ, ಮೂರಿದ್ದರೆ ಜಾಸ್ತಿ ಬಿಸಿಯವರೆಗೆ ಕಾಯಿಸಬಹುದು. ಇಸ್ತ್ರಿಪೆಟ್ಟಿಗೆಯ ತಿರುಗಣೆಯ ಮೇಲೂ ಇದೇ ಚುಕ್ಕಿಗಳು ಇರುತ್ತವೆ, ಹೋಲಿಸಿ ನೋಡಿದರೆ ಆಯಿತು. ಬರೀ ಸುತ್ತು ಇದ್ದು ಒಳಗೆ ಅಕ್ಷರ ಇದ್ದರೆ ಅದು ಡ್ರೈಕ್ಲೀನಿಂಗ್ ಅಂಗಡಿಯವರಿಗೆ. ಯಾವ ಚಿತ್ರದ ಮೇಲೆ ಇಂಟು ಮಾರ್ಕ್ ಹಾಕಿದ್ದರೂ ಆ ಕೆಲಸ ಮಾಡಬಾರದು. ನಮ್ಮ ಹುಡುಗಿಯರು ಹೊಲಿದ ಅಂಗಿ ಯುರೋಪಿಗೆ ಹೋದರೂ ಅಲ್ಲಿಯ ಜನ ನೋಡುವುದು ಇವೇ ಚಿತ್ರಗಳನ್ನು. ಈ ಮಾತು ಹೇಳಿದಾಗ ತರಗತಿಯಲ್ಲಿ ಎಲ್ಲರ ಮುಖ ಅರಳಿತು.

ಆಮೇಲೆ ಬರುವುದು ಅಂಕಿ ಮತ್ತು ನೂಲಿನ ಹೆಸರು. 60% ಕಾಟನ್, 40% ಪಾಲಿಯೆಸ್ಟರ್ ಅಂತ ಇರುತ್ತದಲ್ವಾ, ಅದು. ಪಾಲಿಯೆಸ್ಟರ್ ಅಂದರೆ ಕೆಟ್ಟದ್ದು, ಕಾಟನ್ ಅಂದರೆ ಒಳ್ಳೆಯದು ಅಂತ ನಾನು ಹೇಳಿಕೊಡುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಒಗೆದು ಬೆಳಗ್ಗೆ ಹಾಕಿಕೊಂಡು ಬಸ್ಸು ಹತ್ತಬೇಕಾದವರಿಗೆ ಪಾಲಿಯೆಸ್ಟರ್ ಜಾಸ್ತಿ ಇರುವ ಬಟ್ಟೆ ಬೇಗ ಒಣಗುತ್ತದೆ, ಇಸ್ತ್ರಿಯ ಕಾಟವೂ ಇಲ್ಲ. ಆದರೆ ಒಲೆ ಮುಂದೆ ಹಾಕುವ ನೈಟಿಯ ವಿಷಯ ಬೇರೆ. ಪಾಲಿಯೆಸ್ಟರ್, ನೈಲಾನ್ ಬಟ್ಟೆಗೆ ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಹತ್ತಿ ಬಟ್ಟೆಗೂ ಬೆಂಕಿ ಹತ್ತುತ್ತದೆ, ಆದರೆ ಹಾಗೆ ಕರಗಿ ಅಂಟುವುದಿಲ್ಲ. ಅಡುಗೆಮನೆಗೆ ಕಾಟನ್ನೇ ಇರಲಿ, ಸಡಿಲ ತೋಳಿನದು ಬೇಡ. ಇದನ್ನು ಕೈಮುಗಿದು ಹೇಳುತ್ತೇನೆ.

ಈಗ ಎಲ್ಲ ಕಡೆ ಬರುತ್ತಿರುವ ರೇಯಾನ್ ಕುರ್ತಾಗಳ ಬಗ್ಗೆ ಒಂದು ಮಾತು. ಮುಟ್ಟಿದರೆ ಮೆತ್ತಗೆ, ತಂಪಾಗಿ ಇರುತ್ತದೆ. ಕಾಟನ್ ಅಂತಲೇ ಬಹಳ ಜನ ತರುತ್ತಾರೆ. ಲೇಬಲ್ಲಿನಲ್ಲಿ ರೇಯಾನ್ ಅಥವಾ ವಿಸ್ಕೋಸ್ ಅಂತ ಇರುತ್ತದೆ. ಮರದ ತಿರುಳಿನಿಂದ ಮಾಡುವ ನೂಲು ಇದು. ಒದ್ದೆಯಾದಾಗ ಇದರ ಬಲ ಕಡಿಮೆಯಾಗುತ್ತದೆ, ಮೊದಲ ಒಗೆತದಲ್ಲಿ ಕುಗ್ಗುವುದೂ ಉಂಟು. ಹಿಂಡಿ ತಿರುಚಿದರೆ ಕೆಡುತ್ತದೆ. ಮೈಗೆ ಸರಿಯಾಗಿ ಕೂರುವ ಸೈಜ್ ತೆಗೆದುಕೊಳ್ಳುವ ಬದಲು ಸ್ವಲ್ಪ ಸಡಿಲ ಇರುವುದನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ರೇಷ್ಮೆಯ ವಿಷಯದಲ್ಲಿ ನನಗೆ ಪಾಠ ಹೇಳಿದವರು ಮಗ್ಗದ ಮನೆಯ ಹೆಂಗಸರು. ಸೀರೆಯ ಕುಚ್ಚಿನಿಂದ ಒಂದೆಳೆ ಎಳೆದು ಸುಟ್ಟು ತೋರಿಸಿದರು. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ತಿಕ್ಕಿದರೆ ಪುಡಿಪುಡಿ. ಪಾಲಿಯೆಸ್ಟರ್ ಎಳೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯಲ್ಲಿ ಹೀಗೆ ಸುಡಲು ಬಿಡುವುದಿಲ್ಲ. ಅದಕ್ಕೇ ಓದಲು ಬರಬೇಕು. ಆರ್ಟ್ ಸಿಲ್ಕ್ ಅಂದರೆ ಕೃತಕ ರೇಷ್ಮೆ. ಸಿಲ್ಕ್ ಬ್ಲೆಂಡ್ ಅಂದರೆ ಬೇರೆ ನೂಲು ಬೆರೆತಿದೆ. ಪ್ಯೂರ್ ಸಿಲ್ಕ್ ಅಂತ ಹೇಳಿ ಆ ಬೆಲೆ ಕೇಳಿದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲದಿಂದ 2004ರಲ್ಲಿ ಶುರುವಾದ ಗುರುತು ಅದು. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಆರ್ಟ್ ಸಿಲ್ಕ್ ಸೀರೆಯನ್ನು ನಾನು ಹೀಗಳೆಯುತ್ತಿಲ್ಲ. ನಮ್ಮೂರಲ್ಲಿ ಎಷ್ಟೋ ಮನೆಗಳ ಅನ್ನ ಅದರಿಂದಲೇ ನಡೆಯುತ್ತಿದೆ. ಅದು ತನ್ನ ಹೆಸರಲ್ಲಿ, ತನ್ನ ಬೆಲೆಗೆ ಮಾರಾಟವಾಗಲಿ, ಅಷ್ಟೇ.

ಹೊಲಿಗೆ ನೋಡಿ ಆರಿಸುವ ವಿಷಯಕ್ಕೆ ಬಂದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ಊರಿಗೆಲ್ಲ ಮೇಷ್ಟ್ರಾಗಬಹುದು. ಚೆಕಿಂಗ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿದವರ ಕೈಗೆ ಒಂದು ಕುರ್ತಾ ಕೊಟ್ಟು ನೋಡಿ. ಬಣ್ಣ, ಡಿಸೈನ್ ನೋಡುವ ಮುಂಚೆ ಒಳಗೆ ತಿರುಗಿಸುತ್ತಾರೆ. ಹೊಲಿಗೆಯ ಪಕ್ಕ ಮಾರ್ಜಿನ್ ಎಷ್ಟು ಬಿಟ್ಟಿದ್ದಾರೆ, ಆಮೇಲೆ ಬಿಚ್ಚಿ ಸಡಿಲ ಮಾಡಿಸಲು ಬಟ್ಟೆ ಇದೆಯಾ ಅಂತ ಬೆರಳಲ್ಲೇ ಅಳೆಯುತ್ತಾರೆ. ಎರಡೂ ಕೈಯಲ್ಲಿ ಹೊಲಿಗೆ ಹಿಡಿದು ಮೆಲ್ಲಗೆ ಎಳೆದರೆ ಸಂದು ಕಾಣಬಾರದು. ಕಂಕುಳ ಹತ್ತಿರ ನಾಲ್ಕು ಹೊಲಿಗೆ ಸೇರುವ ಜಾಗ ಸರಿಯಾಗಿ ಕೂಡಿದೆಯಾ, ಕಾಜಾ ದಾರ ಬಿಟ್ಟಿದೆಯಾ, ಜಿಪ್ ತಡೆಯದೆ ಓಡುತ್ತದಾ, ಎಲ್ಲ ನೋಡಿ ಮುಗಿಸುವುದಕ್ಕೆ ಅವರಿಗೆ ಒಂದು ನಿಮಿಷ ಸಾಕು. ಗಾಢ ಬಣ್ಣದ್ದಾದರೆ ಕರ್ಚೀಫಿನ ತುದಿ ಒದ್ದೆ ಮಾಡಿ ಒಳಗಡೆ ಮೆತ್ತಗೆ ತಿಕ್ಕುತ್ತಾರೆ. ಬಣ್ಣ ಹತ್ತಿದರೆ ವಾಪಸ್ ಇಡುತ್ತಾರೆ. ಇಷ್ಟು ತಿಳಿದವರು ಲೇಬಲ್ಲಿನ ನಾಲ್ಕು ಸಾಲಿನ ಮುಂದೆ ಸೋಲಬಾರದು ಅಲ್ವಾ?

ಅಂಗಡಿಯಲ್ಲಿ ಇಂಗ್ಲಿಷ್ ಮಾತಾಡಲೇಬೇಕು ಅಂತೇನೂ ಇಲ್ಲ. ಕನ್ನಡದಲ್ಲೇ ಕೇಳಿ, ಧೈರ್ಯವಾಗಿ ಕೇಳಿ. ಬೆಂಗಳೂರಿನ ಮಾಲ್‌ಗಳಲ್ಲಿ ಕೆಲವು ಕಡೆ ಹುಡುಗರಿಗೆ ಕನ್ನಡ ಬರುವುದಿಲ್ಲ. ಅಂಥ ಕಡೆಗೆ ಅಂತ 'ಕ್ಯಾನ್ ಐ ಟ್ರೈ ದಿಸ್?', 'ಇಟ್ ಈಸ್ ಟೈಟ್ ಹಿಯರ್', 'ಶೋ ಮಿ ಎ ಬಿಗ್ಗರ್ ಸೈಜ್' ಅನ್ನುವಂಥ ಮಾತುಗಳನ್ನು ಅಭ್ಯಾಸ ಮಾಡಿಸುತ್ತೇನೆ. ಟ್ರಯಲ್ ರೂಮಿನಲ್ಲಿ ಕೈ ಎತ್ತಿ, ಬಗ್ಗಿ, ಕೂತು ನೋಡಬೇಕು. ನಿಂತಾಗ ಸರಿಯಿರುವ ಎಷ್ಟೋ ಬಟ್ಟೆ ಬಸ್ಸಿನಲ್ಲಿ ಕಂಬಿ ಹಿಡಿದಾಗ ಕೈಕೊಡುತ್ತದೆ.

ಮಾತಿಗಿಂತ ಜಾಸ್ತಿ ಮೋಸ ಆಗುವುದು ಬೋರ್ಡಿನಲ್ಲಿ. 'ಅಪ್ ಟು 50% ಆಫ್' ಅಂದರೆ 50 ಅನ್ನುವುದು ಅತಿ ಹೆಚ್ಚಿನದು. ನಿಮಗೆ ಬೇಕಾದ ಬಟ್ಟೆಗೆ 10 ಇರಬಹುದು. '50% + 20%' ಅಂತ ಹಾಕಿದ್ದರೆ 70 ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. 1,000 ರೂಪಾಯಿಗೆ ಮೊದಲು 500 ಕಳೆಯುತ್ತಾರೆ. ಉಳಿದ 500ರಲ್ಲಿ 20% ಅಂದರೆ 100 ಕಳೆಯುತ್ತಾರೆ. ಕೊಡಬೇಕಾದ್ದು 400. ಸಿಕ್ಕ ರಿಯಾಯಿತಿ 60%. ಎಂಆರ್‌ಪಿಯಲ್ಲಿ ತೆರಿಗೆ ಎಲ್ಲ ಸೇರಿರುತ್ತದೆ, ಅದರ ಮೇಲೆ ಇನ್ನೊಂದು ರೂಪಾಯಿಯನ್ನೂ ತೆರಿಗೆ ಅಂತ ಕೇಳುವ ಹಾಗಿಲ್ಲ.

ಫೋನಿನಲ್ಲಿ ತರಿಸುವವರು ಇನ್ನೂ ಜಾಸ್ತಿ ಓದಬೇಕು. ಚಿತ್ರದಲ್ಲಿ ಪೂರ್ತಿ ಚೂಡಿದಾರ್ ಇರುತ್ತದೆ, ಕೆಳಗೆ 'ಅನ್‌ಸ್ಟಿಚ್ಡ್' ಅಂತ ಬರೆದಿರುತ್ತದೆ. ಹೊಲಿಸದ ಬಟ್ಟೆ ಬಂದಾಗ ಗೋಳಾಡುತ್ತಾರೆ. 'ನಾನ್ ರಿಟರ್ನಬಲ್' ಅಂತ ಇದ್ದರೆ ಇಷ್ಟವಾಗಲಿಲ್ಲ ಅಂತ ವಾಪಸ್ ಕೊಡಲು ಆಗುವುದಿಲ್ಲ. ಸೈಜಿಗೆ ಎಸ್, ಎಂ, ಎಲ್ ನಂಬಬೇಡಿ, ಒಂದು ಕಂಪನಿಯ ಎಂ ಇನ್ನೊಂದು ಕಂಪನಿಯ ಎಲ್ ಆಗಿರುತ್ತದೆ. ಮನೆಯಲ್ಲಿ ಸರಿಯಾಗಿ ಕೂರುವ ಕುರ್ತಾವನ್ನು ಮಂಚದ ಮೇಲೆ ಹರಡಿ ಟೇಪಿನಲ್ಲಿ ಅಳೆಯಿರಿ. ಆ ಅಳತೆಯನ್ನು ಸೈಜ್ ಚಾರ್ಟಿನ ಜೊತೆ ಹೋಲಿಸಿ. ಚಾರ್ಟ್ ಸೆಂಟಿಮೀಟರಿನಲ್ಲಿದ್ದರೆ ಎರಡೂವರೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ಇಂಚು ಸಿಗುತ್ತದೆ. ಚಾರ್ಟಿನಲ್ಲಿ ಕೊಟ್ಟಿರುವುದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಅಂತಲೂ ನೋಡಬೇಕು.

ಬಿಲ್ ಇಲ್ಲದೆ ಬಟ್ಟೆ ತರಬೇಡಿ. ಬಿಲ್ಲಿನ ಕೆಳಗೆ 'ನೋ ಎಕ್ಸ್‌ಚೇಂಜ್, ನೋ ರಿಫಂಡ್' ಅಂತ ಅಚ್ಚಾಗಿರುವುದನ್ನು ನೋಡಿ ಎಷ್ಟೋ ಜನ ಹರಿದ ಬಟ್ಟೆಯನ್ನೂ ಸುಮ್ನೆ ಇಟ್ಟುಕೊಳ್ಳುತ್ತಾರೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದು ತಪ್ಪು ವ್ಯಾಪಾರ ಪದ್ಧತಿ. ಬಣ್ಣ ಇಷ್ಟವಾಗಲಿಲ್ಲ ಅನ್ನುವುದಕ್ಕೆ ಇದು ಅನ್ವಯಿಸುವುದಿಲ್ಲ. ಹೊಲಿಗೆ ಬಿಚ್ಚಿ ಬಂದರೆ, ತೂತಿದ್ದರೆ ಕೇಳುವ ಹಕ್ಕು ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಲೇಬಲ್ ಕನ್ನಡದಲ್ಲೂ ಯಾಕಿರಬಾರದು? ಪೊಟ್ಟಣದ ವಸ್ತುಗಳ ಬಗ್ಗೆ ಕೇಂದ್ರದ 2011ರ ನಿಯಮದಲ್ಲಿ ಹಿಂದಿ ಇಲ್ಲವೇ ಇಂಗ್ಲಿಷ್ ಇದ್ದರೆ ಸಾಕು. ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿ ಇಲ್ಲ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022 ಇಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಅನ್ನುತ್ತದೆ. 'ತಣ್ಣೀರಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ' ಅನ್ನುವುದು ಬಳಕೆಯ ಸೂಚನೆಯೇ ತಾನೇ? ಕೈಗಾರಿಕಾ ಇಲಾಖೆಯವರು ಬಟ್ಟೆ ಕಂಪನಿಗಳಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು. ಹೊರಗಿನಿಂದ ಬರುವ ಬಟ್ಟೆಗೆ ಈ ನಿಯಮ ಮುಟ್ಟುವುದಿಲ್ಲ, ಹಾಗಾಗಿ ಇಂಗ್ಲಿಷ್ ಲೇಬಲ್ ಓದುವ ಕೆಲಸ ತಪ್ಪುವುದಿಲ್ಲ. ವಯಸ್ಕರ ಶಿಕ್ಷಣದ ಪುಸ್ತಕದಲ್ಲಿ, ಹೈಸ್ಕೂಲಿನ ಇಂಗ್ಲಿಷ್ ಪಠ್ಯದಲ್ಲಿ ಒಂದು ನಿಜವಾದ ಲೇಬಲ್ಲಿನ ಚಿತ್ರ, ಒಂದು ನಿಜವಾದ ಬಿಲ್ಲಿನ ಚಿತ್ರ ಪಾಠವಾಗಿ ಸೇರಲಿ ಅಂತ ಶಿಕ್ಷಣ ಇಲಾಖೆಯನ್ನೂ ಕೇಳಿಕೊಳ್ಳುತ್ತೇನೆ.

ತಮ್ಮಲ್ಲೂ ಒಂದು ಕೋರಿಕೆ ಇದೆ. ನಮ್ಮ ತರಗತಿಯವರು ಲೇಬಲ್ಲಿನ ಚಿತ್ರಗಳನ್ನೆಲ್ಲ ಬಿಡಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದ ಹಾಳೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಹಬ್ಬದ ಜಾಹೀರಾತು ಜಾಸ್ತಿ ಬರುವ ಭಾನುವಾರದ ಸಂಚಿಕೆಯಲ್ಲಿ ಅದಕ್ಕೊಂದು ಜಾಗ ಮಾಡಿಕೊಡಿ. ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳುವಷ್ಟು ದೊಡ್ಡದಾಗಿ ಅಚ್ಚಾದರೆ ಓದುಗರಿಗೆ ಉಪಯೋಗವಾಗುತ್ತದೆ.

ಇಂತಿ,
ನಿವೃತ್ತ ಶಿಕ್ಷಕಿ,
ದೊಡ್ಡಬಳ್ಳಾಪುರ