ಹೋಟೆಲ್ ತಪಾಸಣೆ ವರದಿ ಕೌಂಟರ್ ಹತ್ರವೇ ಅಂಟಿಸಲಿ

ಮಾನ್ಯ ಸಂಪಾದಕರೇ,

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬಣ್ಣ ಹಾಕೋ ಹಾಗಿಲ್ಲ ಅಂತ ರಾಜ್ಯ ಸರ್ಕಾರ ಆದೇಶ ಮಾಡ್ತು, ಆಗ 171 ಗೋಬಿ ಸ್ಯಾಂಪಲ್ ಪೈಕಿ 107ರಲ್ಲಿ ಅಪಾಯದ ಬಣ್ಣ ಸಿಕ್ಕಿತ್ತು. ಜೂನ್‌ನಲ್ಲಿ ಕಬಾಬ್ ಬಣ್ಣಕ್ಕೂ ನಿಷೇಧ ಬಂತು. ಮುಂದಿನ ವರ್ಷ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸ್ತಿದ್ದಾರೆ ಅಂತ 251 ಕಡೆ ನೋಡಿದ್ರೆ 52 ಕಡೆ ಹಾಗೇ ನಡೀತಿತ್ತಂತೆ. ಆಹಾರ ಸುರಕ್ಷತಾ ಇಲಾಖೆ ಇದನ್ನೆಲ್ಲ ಹೊರಗೆ ತಂದಿದ್ದು ತುಂಬಾ ಒಳ್ಳೇ ಕೆಲಸ. ಆದ್ರೆ ಆ 52 ಕಡೆ ಯಾವ ಊರು, ಯಾವ ರಸ್ತೆ, ಈಗ ಅಲ್ಲಿ ಮತ್ತೆ ಬಟ್ಟೆ ಹಾಕ್ತಿದ್ದಾರಾ, ಅಲ್ಲೇ ದಿನಾ ತಿಂಡಿ ತಿನ್ನೋ ನಮ್ಮ ಕಣ್ಣಿಗೆ ಈ ಮಾಹಿತಿ ಬಿದ್ದೇ ಇಲ್ಲ.

ಬಣ್ಣ ಲ್ಯಾಬ್‌ನಲ್ಲಿ ಸಿಕ್ಕಿಬೀಳುತ್ತೆ, ಸುದ್ದಿನೂ ಆಗುತ್ತೆ. ಹೊಟ್ಟೆ ಕೆಡಿಸೋದು ಹೆಚ್ಚಾಗಿ ಬೇರೆ. ಮುಚ್ಚಳ ಇಲ್ಲದ ಸಂಪಿನ ನೀರು, ನಿನ್ನೆಯ ಗ್ರೇವಿ, ಬೆಳಿಗ್ಗೆ ರುಬ್ಬಿ ಮಧ್ಯಾಹ್ನದ ತನಕ ಬಿಸಿಲಲ್ಲೇ ಇಟ್ಟ ಚಟ್ನಿ, ದಿನಗಟ್ಟಲೆ ಕಾಯಿಸಿ ಕಪ್ಪಾದ ಎಣ್ಣೆ, ಟಾಯ್ಲೆಟ್‌ಗೆ ಹೋಗಿ ಬಂದು ಸೋಪು ಹಾಕದ ಕೈ. ಇದೆಲ್ಲ ಗೊತ್ತಾಗಬೇಕಾದ್ರೆ ಅಧಿಕಾರಿ ಅಡುಗೆಮನೆ ಒಳಗೆ ಹೋಗಿ ನಿಂತು ನೋಡಬೇಕು, ಅದೂ ಹೇಳದೆ ಕೇಳದೆ ಹೋಗಬೇಕು.

ನಮ್ಮ ತುಮಕೂರಲ್ಲಿ ಹಳ್ಳಿಗಳಿಂದ ಓದೋಕೆ ಬಂದ ಮಕ್ಕಳು ರೂಮು ಮಾಡ್ಕೊಂಡು ಮೆಸ್‌ನಲ್ಲೋ ಬಸ್ ಸ್ಟ್ಯಾಂಡ್ ಸುತ್ತಮುತ್ತಲ ಹೋಟೆಲಲ್ಲೋ ಮೂರು ಹೊತ್ತೂ ಊಟ ಮಾಡ್ತಾರೆ, ಅವರಿಗೆ ಬೇರೆ ದಾರಿನೇ ಇಲ್ಲ. ಅಂಥ ಒಂದು ಮೆಸ್‌ನಲ್ಲಿ ಸಾಂಬಾರ್ ಹಳಸಿ ನಮ್ಮ ಅಕ್ಕನ ಮಗನೂ ಅವನ ಫ್ರೆಂಡ್ಸೂ ಡ್ರಿಪ್ ಹಾಕಿಸ್ಕೊಂಡ್ರು. ದೂರು ಕೊಡೋಕೆ ಹೋದ್ರೆ ಟ್ರೇಡ್ ಲೈಸೆನ್ಸ್ ಕೊಡೋ ಕಡೆ ಫುಡ್ ಸೇಫ್ಟಿಯವರನ್ನ ಕೇಳಿ ಅಂದ್ರು, ಅಲ್ಲಿ ಹೋದ್ರೆ ಸ್ಯಾಂಪಲ್ ಎಲ್ಲಿ ಅಂದ್ರು, ಚೆಲ್ಲಿ ಹೋದ ಸಾಂಬಾರನ್ನ ಎಲ್ಲಿಂದ ತರೋದು? 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್‌ನಲ್ಲಿ ಗ್ರಾಹಕನೇ ಫೀಸ್ ಕಟ್ಟಿ ಪರೀಕ್ಷೆ ಮಾಡಿಸಬಹುದು, ತಪ್ಪು ಸಾಬೀತಾದ್ರೆ ಫೀಸ್ ವಾಪಸ್ ಬರುತ್ತೆ, ಆದ್ರೆ ಕೊಳ್ಳುವಾಗಲೇ ಇದನ್ನ ಟೆಸ್ಟ್ ಮಾಡಿಸ್ತೀನಿ ಅಂತ ಅಂಗಡಿಯವನಿಗೆ ತಿಳಿಸಿರಬೇಕು. ಹಸಿದು ಊಟಕ್ಕೆ ಕೂತ ಹುಡುಗ ಹಾಗೆ ಹೇಳ್ತಾನಾ?

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡೋ 14 ಅಂಕಿ ಲೈಸೆನ್ಸ್ ನಂಬರ್ ಬಿಲ್ ಮೇಲೆ ಇರಲೇಬೇಕು ಅಂತ 2022ರಿಂದ ರೂಲ್ ಇದೆ. ನಂಬರ್ ಇದ್ರೆ ಲೈಸೆನ್ಸ್ ತಗೊಂಡಿದ್ದಾರೆ ಅಂತ ಮಾತ್ರ ಗೊತ್ತಾಗುತ್ತೆ, ಅಡುಗೆಮನೆ ಹೇಗಿದೆ ಅಂತಲ್ಲ. ಅದಕ್ಕೆ ಸ್ವಚ್ಛತೆ ನೋಡಿ ರೇಟಿಂಗ್ ಕೊಡೋ ಹೈಜೀನ್ ರೇಟಿಂಗ್ ಅಂತ ಒಂದು ಸ್ಕೀಮ್ ಇದೆ, ಆದ್ರೆ ಹೋಟೆಲಿನವರೇ ಇಷ್ಟಪಟ್ಟು ಮುಂದೆ ಬರಬೇಕು. ಕೊಳಕು ಇಟ್ಕೊಂಡವನು ಯಾಕೆ ಬರ್ತಾನೆ?

ಹಾಗಾಗಿ ಕೇಳ್ಕೊಳ್ಳೋದು ಇಷ್ಟೇ. ತಪಾಸಣೆಗೆ ಹೋದ ಅಧಿಕಾರಿ ಬಂದ ತಾರೀಕು, ಕಂಡ ದೋಷ, ಸರಿ ಮಾಡೋಕೆ ಕೊಟ್ಟ ಗಡುವು ಇವನ್ನ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕ್ಯಾಶ್ ಕೌಂಟರ್ ಹತ್ರ ಅಂಟಿಸಿ ಬರಲಿ, ಗಡುವು ಮುಗಿದ ಮೇಲೆ ಮತ್ತೆ ಹೋಗಿ ನೋಡಿ ಸರಿ ಆಗಿದ್ರೆ ಅದನ್ನೂ ಅದರಲ್ಲೇ ಬರೀಲಿ. ಕ್ಲೀನಾಗಿ ನಡೆಸೋ ಹೋಟೆಲಿನವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ, ಬಿಸಿನೀರಲ್ಲಿ ಲೋಟ ಅದ್ದಿ ಕೊಡೋರು, ಅವರಿಗೂ ಇದರಿಂದ ಲಾಭವೇ. ಕಡೇಪಕ್ಷ ಹಾಸ್ಟೆಲ್, ಪಿಜಿ, ಮೆಸ್ ಇರೋ ಬೀದಿಗಳಿಂದ ಶುರು ಮಾಡಲಿ, ಕಾಲೇಜು ಅಡ್ಮಿಷನ್ ಮುಗಿಯೋದ್ರೊಳಗೆ.

– ಓದುಗ, ತುಮಕೂರು