ಮಗಳಿಗೊಂದು ಪತ್ರ: ಮೊದಲು ನಿನ್ನ ನಾಲ್ಕು ಸಾಲು

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ,

ಆಫೀಸಿನ ಮೇಲ್‌ಗಳನ್ನೆಲ್ಲ ನೀನು ಚಾಟ್‌ಜಿಪಿಟಿ ಹತ್ತಿರ ಬರೆಸುತ್ತೀಯ ಎಂದು ಗೊತ್ತಾದಾಗ ಅಪ್ಪ ಬೇಜಾರು ಮಾಡಿಕೊಂಡರು. ನನಗೆ ಅಷ್ಟೇನೂ ಅನಿಸಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್ ಆಗಿದ್ದವಳು ನಾನು. ಆಫೀಸಿನ ಬರವಣಿಗೆಯಲ್ಲಿ ಮುಕ್ಕಾಲು ಪಾಲು ಸಿದ್ಧ ಮಾತೇ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ನಮ್ಮದು ಶುರು. ನಿಮ್ಮದು ‘ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯೂ ವೆಲ್’. ಅಂಥದ್ದನ್ನು ಯಂತ್ರ ಬರೆದರೆ ಬರೆಯಲಿ ಬಿಡು.

ನನ್ನ ತಕರಾರು ಬೇರೆ. ಮಳೆಗಾಲದಲ್ಲಿ ನೀನು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಲೈನಿನ ಮೇಲೆ ಮರ ಬಿದ್ದು ಕರೆಂಟು, ನೆಟ್ಟು ಎರಡೂ ಹೋದವಲ್ಲ? ಕೆಲಸ ತಡವಾಗುತ್ತದೆ ಎಂದು ನೀನು ಮ್ಯಾನೇಜರಿಗೆ ತಿಳಿಸಬೇಕಿತ್ತು. ಕಳಿಸಲು ನೆಟ್ ಬೇಕು, ಸರಿ. ಬರೆದಿಡಲು ಏನಾಗಿತ್ತು? ‘ನೆಟ್ ಬರಲಿ ಅಮ್ಮ, ಅದೇ ಬರೆಯುತ್ತೆ’ ಎಂದು ಸುಮ್ನೆ ಕೂತೆ. ಯಾಕೆ ತಡ ಎಂದು ನಾನು ಕೇಳಿದ್ದಕ್ಕೆ ಮಾತ್ರ ಪಟಪಟ ಹೇಳಿದೆ. ಇನ್ನೊಂದು ಟೀಮಿನವರು ಲೆಕ್ಕ ಕೊಟ್ಟಿಲ್ಲ, ಕೊಟ್ಟ ಮೇಲೆ ಒಂದು ದಿನ ಸಾಕು ಎಂದೆ. ಮೇಲ್ ಅಂದರೆ ಅದೇ ಅಲ್ವಾ?

ಆಮೇಲೆ ಯಂತ್ರ ಬರೆದುಕೊಟ್ಟು ನೀನು ಕಳಿಸಿದ ಮೇಲ್ ಅನ್ನು ನೀನೇ ತೋರಿಸಿದೆ. ಉದ್ದಕ್ಕೆ ಕ್ಷಮೆ, ಧನ್ಯವಾದ, ಬದ್ಧತೆ. ಆ ಟೀಮಿನ ವಿಷಯ ಮಾತ್ರ ‘ಕೆಲವು ಅನಿರೀಕ್ಷಿತ ಕಾರಣಗಳಿಂದ’ ಎಂದಾಗಿತ್ತು. ಓದಿದವರು ತಪ್ಪು ನಿನ್ನದೇ ಅಂದುಕೊಳ್ಳುತ್ತಾರೆ.

ನಮ್ಮ ಕಚೇರಿ ಹೊರಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದವರು ನಿನಗೂ ನೆನಪಿರಬೇಕು. ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡಿಸುವ ಬಗರ್‌ಹುಕುಂ ಅರ್ಜಿಗೆ ಬಂದವರನ್ನು ಅವರು ಮೊದಲು ಕೂರಿಸಿ ಕೇಳುತ್ತಿದ್ದರು. ಸರ್ವೆ ನಂಬರ್ ಎಷ್ಟು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಏನು, ಯಾವ ವರ್ಷದಿಂದ ಸಾಗುವಳಿ, ಹಿಂದೆ ನಮೂನೆ 53ರಲ್ಲಿ ಹಾಕಿದ್ದೀರಾ? ಗೊತ್ತಿಲ್ಲ ಎಂದರೆ ‘ಪಹಣಿ ತಗೊಂಡು ಬನ್ನಿ’ ಎಂದು ವಾಪಸ್ ಕಳಿಸುತ್ತಿದ್ದರು. ನಿನ್ನ ಯಂತ್ರ ಹಾಗೆ ವಾಪಸ್ ಕಳಿಸುವುದು ಕಡಿಮೆ. ಮುಂದೆ ಯಾವ ಪದ ಬರಬಹುದು ಎಂದು ಲೆಕ್ಕ ಹಾಕುತ್ತಾ ಬರೆಯುವುದು ಅದರ ಕೆಲಸ. ನೀನು ಹೇಳದೆ ಬಿಟ್ಟ ಜಾಗವನ್ನು ಚೆಂದದ ಮಾತಿನಿಂದ ತುಂಬುತ್ತದೆ, ಕೆಲವು ಸಲ ಸುಳ್ಳಿನಿಂದ. ನ್ಯೂಯಾರ್ಕಿನ ಒಬ್ಬ ವಕೀಲರಿಗೆ ಅದು ಇಲ್ಲದ ತೀರ್ಪುಗಳನ್ನು ಸೃಷ್ಟಿಸಿ ಕೊಟ್ಟಿತ್ತು. ಇವು ನಿಜವೇ ಎಂದು ಅವರು ಅದನ್ನೇ ಕೇಳಿದರು, ನಿಜ ಎಂದಿತು! (ಕಳ್ಳನ ಹತ್ತಿರವೇ ಸಾಕ್ಷಿ ಕೇಳಿದ ಹಾಗಾಯಿತು.) 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಬಿದ್ದದ್ದು ವಕೀಲರ ಕಡೆಗೆ, ಯಂತ್ರಕ್ಕಲ್ಲ.

ಗಿರಾಕಿಗಳ ಹೆಸರು, ಹಣದ ಲೆಕ್ಕ ಅದಕ್ಕೆ ಹಾಕಬೇಡ. ಸ್ಯಾಮ್‌ಸಂಗ್ ನೌಕರರು ಕಂಪನಿಯ ಕೋಡನ್ನೇ ಹಾಕಿಬಿಟ್ಟಿದ್ದರು. ಅದೇ ವರ್ಷ ಕಂಪನಿ ಇಂಥ ಯಂತ್ರಗಳ ಬಳಕೆಯನ್ನೇ ನಿಲ್ಲಿಸಿತು.

ನಿನ್ನ ಅಳುಕು ನನಗೆ ಗೊತ್ತು. ಹೈಸ್ಕೂಲಿನವರೆಗೆ ಕನ್ನಡ ಮೀಡಿಯಂ. ಬೆಂಗಳೂರಿನ ಮೀಟಿಂಗಿನಲ್ಲಿ ಎಲ್ಲರೂ ಸರಾಗವಾಗಿ ಇಂಗ್ಲಿಷ್ ಹೊಡೆಯುವಾಗ ನಿನ್ನ ವಾಕ್ಯ ಸರಿಯಿದೆಯೋ ಇಲ್ಲವೋ ಎಂಬ ಭಯ. ಆ ಭಯಕ್ಕೆ ಯಂತ್ರ ಒಳ್ಳೆಯ ಮದ್ದೇ, ಬಳಸು. ಆದರೆ ಮೊದಲು ನಾಲ್ಕು ಸಾಲು ನೀನೇ ಬರೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆದರೂ ಪರವಾಗಿಲ್ಲ. ಏನಾಯಿತು, ಯಾಕಾಯಿತು, ಯಾರಿಂದ ಏನು ಬೇಕು, ಯಾವಾಗ ಬೇಕು. ಆಮೇಲೆ ‘ಇದರ ಇಂಗ್ಲಿಷ್ ತಿದ್ದು, ಹೊಸದೇನೂ ಸೇರಿಸಬೇಡ’ ಎನ್ನು. ತಿದ್ದಿದ್ದರಲ್ಲಿ ನಿನ್ನ ನಾಲ್ಕೂ ವಿಷಯ ಇವೆಯೇ ಎಂದು ನೋಡಿ ಕಳಿಸು. ಬಾಸ್ ಎದುರಿಗೇ ಕೇಳಿದಾಗ ನಿನಗೆ ಮಾತು ಸಿಗುವುದೂ ಇದರಿಂದಲೇ.

ಈಗ ನನಗೊಂದು ಕೆಲಸ ಮಾಡಿಕೊಡು. ಅಡಿಕೆಗೆ ಹವಾಮಾನ ಆಧಾರಿತ ವಿಮೆ ಕಟ್ಟಿದ್ದೆವಲ್ಲ, ಕೊಳೆರೋಗದಲ್ಲಿ ಫಸಲು ಉದುರಿದರೂ ಪರಿಹಾರ ಬಂದಿಲ್ಲ. ಪರಿಹಾರದ ಲೆಕ್ಕ ಆಗುವುದು ಪಂಚಾಯಿತಿಯ ಮಳೆಮಾಪಕದ ಅಂಕಿಯಿಂದ. ನಮ್ಮಲ್ಲಿ ಅದು ಕೆಲವು ದಿನ ಕೆಟ್ಟಿತ್ತು ಎಂದು ಊರವರ ದೂರು. ಆ ದಿನಗಳ ಅಂಕಿ ಎಲ್ಲಿಂದ ತೆಗೆದುಕೊಂಡರು ಎಂದು ವಿಮೆಯವರನ್ನು ಇಂಗ್ಲಿಷಿನಲ್ಲಿ ಕೇಳಬೇಕು. ಸರ್ವೆ ನಂಬರ್, ಕಂತು ಕಟ್ಟಿದ ರಸೀದಿ ವಾಟ್ಸಾಪ್ ಮಾಡಿದ್ದೇನೆ. ಬೇಕಾದರೆ ನಿನ್ನ ಯಂತ್ರದ ಹತ್ತಿರವೇ ತಿದ್ದಿಸು, ನಂಬರುಗಳನ್ನು ಮಾತ್ರ ಆಮೇಲೆ ನೀನೇ ತುಂಬು. ಸಹಿ ಅಪ್ಪನದು. ಹಾಗಾಗಿ ಕಳಿಸುವ ಮೊದಲು ಫೋನ್ ಮಾಡಿ, ಅದರಲ್ಲಿ ಏನಿದೆ ಎಂದು ಅವರಿಗೆ ಕನ್ನಡದಲ್ಲಿ ಹೇಳು.

ನಿನ್ನ ಅಮ್ಮ