ಗೆಳೆಯನಿಗೊಂದು ಪತ್ರ: ಕೆಂಪು ಕಣ್ಣು, ತಲೆಯೊಳಗಿನ ಸದ್ದು

ಗೆಳೆಯಾ,

ನಿಮ್ಮ ತೋಟದ ಲೆಕ್ಕಪತ್ರ ಬರೆಯುವ ರೈಟರ್ ವಿಷಯ ನಿನ್ನ ಪತ್ರದಲ್ಲಿ ಓದಿ ಎದೆ ಧಸಕ್ ಅಂತು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟು, ಆಮೇಲೆ ಒಂದು ಕಣ್ಣು ಕೆಂಪು, ಈಗ ಅದು ಮುಂದಕ್ಕೆ ಉಬ್ಬಿದೆ, ರಾತ್ರಿ ತಲೆಯೊಳಗೆ ಸದ್ದು ಬೇರೆ. ಡ್ರಾಪ್ಸ್ ಹಾಕಿಕೊಂಡು ಗೋಣಿಕೊಪ್ಪದಲ್ಲಿ ಕೂರಬೇಡಿ.

ನಮ್ಮ ಚಿಕ್ಕಮ್ಮನಿಗೂ ಇದೇ ಜಾತಿಯ ತೊಂದರೆ ಆಗಿತ್ತಲ್ಲ. ಕಣದಲ್ಲಿ ರೊಬಸ್ಟಾ ಕಾಫಿ ಒಣಗುತ್ತಿದ್ದ ಕಾಲ. ಧೂಳು ಬಿದ್ದಿರಬೇಕು ಅಂದರು ಒಬ್ಬರು, ಮದ್ರಾಸ್ ಐ ಅಂದರು ಇನ್ನೊಬ್ಬರು. ಗೀಜು ಇಲ್ಲ, ತುರಿಕೆ ಇಲ್ಲ. ಬಿಳಿಗುಡ್ಡೆಯ ಮೇಲೆ ದಪ್ಪ ಕೆಂಪು ರಕ್ತನಾಳಗಳು ಸುರುಳಿ ಸುರುಳಿಯಾಗಿ ಕಪ್ಪುಗುಡ್ಡೆಯ ಅಂಚಿನವರೆಗೂ ಬಂದಿದ್ದವು. "ತಲೆಯೊಳಗೆ ಡೀಸೆಲ್ ಪಂಪು ಓಡಿದ ಹಾಗೆ" ಅನ್ನುತ್ತಿದ್ದರು. ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ಕಣ್ಣು ಮುಚ್ಚಿಸಿ ರೆಪ್ಪೆಯ ಮೇಲೆ ಸ್ಟೆತಸ್ಕೋಪ್ ಇಟ್ಟರು. ನನಗೂ ಕೇಳಿಸಿದರು. ಝುಂಯ್, ಝುಂಯ್, ನಾಡಿ ಬಡಿತದ ಜೊತೆಗೇ.

ಕಣ್ಣಿನ ಹಿಂದೆ, ಮೆದುಳಿನ ಬುಡದಲ್ಲಿ, ಕ್ಯಾವರ್ನಸ್ ಸೈನಸ್ ಅಂತ ಇದೆ. ಅಶುದ್ಧ ರಕ್ತ ಕೂಡಿ ಹರಿದುಹೋಗುವ ಜಾಗ. ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅಪಧಮನಿಯೂ ಅದರೊಳಗಿಂದಲೇ ಹಾಯುತ್ತದೆ. ಪೆಟ್ಟಿಗೆ ಆ ಅಪಧಮನಿಯ ಗೋಡೆ ಹರಿದರೆ ಜೋರು ಒತ್ತಡದ ರಕ್ತ ಸೈನಸ್ಸಿಗೆ ನುಗ್ಗಿ ಕಣ್ಣಿನ ಕಡೆಗೆ ಹಿಂದಿರುಗುತ್ತದೆ. ಕಣ್ಣು ಉಬ್ಬುವುದು, ಕಣ್ಣಿನ ಪ್ರೆಷರ್ ಏರುವುದು, ಎರಡೆರಡು ಕಾಣುವುದು ಎಲ್ಲ ಇದರಿಂದ. ಹಾಗೇ ಬಿಟ್ಟರೆ ದೃಷ್ಟಿ ಹೋಗಬಹುದು. ಕೆಲವರಿಗೆ ಮೆದುಳಲ್ಲಿ ರಕ್ತಸ್ರಾವವೂ ಆಗಬಹುದು.

ಚಿಕ್ಕಮ್ಮನದು ನಿಧಾನದ್ದು. ಮೆದುಳಿನ ಪೊರೆಯ ಸಣ್ಣ ಅಪಧಮನಿಗಳು ಪೆಟ್ಟಿಲ್ಲದೆಯೇ ಆ ಸೈನಸ್ಸಿಗೆ ಸೇರಿಕೊಂಡಿದ್ದವು. ಮುಟ್ಟು ನಿಂತ ಹೆಂಗಸರಲ್ಲಿ ಇದು ಜಾಸ್ತಿಯಂತೆ. ಇಂಥ ಕೆಲವು ಸೋರಿಕೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಅದಕ್ಕೇ ಡಾಕ್ಟರ್ ಕಣ್ಣಿನ ಪ್ರೆಷರ್ ನೋಡುತ್ತಾ ಕಾದರು. ಸೋರಿಕೆ ಮುಚ್ಚಲು ನೆರವಾಗಲಿ ಅಂತ ಕತ್ತಿನ ರಕ್ತನಾಳ ಒತ್ತುವುದನ್ನೂ ಹೇಳಿಕೊಟ್ಟರು. ಎದುರು ಬದಿಯ ಕೈಯಿಂದಲೇ ಒತ್ತಬೇಕು. ಮೆದುಳಿಗೆ ರಕ್ತ ಸಾಲದಾದರೆ ಆ ಕೈಯೇ ಸೋತು ಕೆಳಗೆ ಬೀಳುತ್ತದೆ. ಎಂಥ ಉಪಾಯ ನೋಡು! ಆದರೆ ರೈಟರ್‌ಗೆ ಇದನ್ನು ಹೇಳಲು ಹೋಗಬೇಡ. ಡಾಕ್ಟರ್ ಪರೀಕ್ಷಿಸಿ ಹೇಳದೆ ಯಾರೂ ಮಾಡುವಂಥದ್ದಲ್ಲ.

ಚಿಕ್ಕಮ್ಮನದು ಮುಚ್ಚಲಿಲ್ಲ. ಬೆಂಗಳೂರಲ್ಲಿ ಆಂಜಿಯೋಗ್ರಾಂ (ರಕ್ತನಾಳಗಳ ಎಕ್ಸ್‌ರೇ ಚಿತ್ರ) ಮಾಡಿ, ತೊಡೆಸಂದಿಯ ರಕ್ತನಾಳದಿಂದ ಸಪೂರ ಟ್ಯೂಬ್ ಕಣ್ಣಿನ ಹಿಂದಿನವರೆಗೂ ಕಳಿಸಿ, ಪ್ಲಾಟಿನಂ ಕಾಯಿಲ್, ಅಂದರೆ ಸುರುಳಿ ತಂತಿ, ತುಂಬಿದರು. ತಲೆ ತೆರೆಯಲೇ ಇಲ್ಲ. ಪೆಟ್ಟಿನಿಂದ ಅಪಧಮನಿ ಹರಿದ ಜಾಗವನ್ನೂ ಹೀಗೆಯೇ ಒಳಗಿಂದ ಮುಚ್ಚುತ್ತಾರೆ. ಸೋವಿಯತ್ ಸರ್ಜನ್ ಸೆರ್ಬಿನೆಂಕೊ 1970ರ ದಶಕದಲ್ಲೇ ಪುಟ್ಟ ಬಲೂನು ಬಿಟ್ಟು ಮುಚ್ಚಿ ತೋರಿಸಿದ್ದರು. ಈಗ ಕಾಯಿಲ್, ಅಂಟಿನಂಥ ದ್ರವ, ಸ್ಟೆಂಟ್ ಎಲ್ಲ ಇವೆ. ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಸ್ಟ್ರೋಕ್ ಆಗಬಹುದು, ಕಣ್ಣಿನ ನರ ಸೋಲಬಹುದು. ಎಲ್ಲ ಹೇಳಿಯೇ ಸಹಿ ಹಾಕಿಸಿಕೊಳ್ಳುತ್ತಾರೆ.

ಎಚ್ಚರವಾದ ಕೂಡಲೇ ಚಿಕ್ಕಮ್ಮ ಕೇಳಿದ್ದು, "ಪಂಪು ಯಾರು ಆಫ್ ಮಾಡಿದ್ದು?" ಕೆಂಪು ನಿಧಾನವಾಗಿ ಇಳಿಯಿತು. ಎರಡೆರಡು ಕಾಣುವುದು ಹೋಗಲು ತಿಂಗಳುಗಳೇ ಬೇಕಾದವು.

ರೈಟರನ್ನು ಇವತ್ತೇ ಹೊರಡಿಸು. ಬರೀ ಕಣ್ಣಾಸ್ಪತ್ರೆ ಸಾಲದು, ಮೆದುಳಿನ ಆಂಜಿಯೋಗ್ರಾಂ ಮಾಡುವ ಕಡೆಗೇ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ವಿಭಾಗ ಇದೆ. ಬಿದ್ದಾಗ ತೆಗೆಸಿದ ಸ್ಕ್ಯಾನಿನ ಸಿ.ಡಿ., ಅವರು ನುಂಗುವ ಮಾತ್ರೆಗಳು, ಬಿಪಿಎಲ್ ಕಾರ್ಡು, ಆಧಾರ್ ಮರೆಯಬೇಡ. ಜೀಪಿನಲ್ಲಿ ಕುಲುಕಿಸಿಕೊಂಡು ಹೋಗಬೇಡಿ, ನಮ್ಮ ಕಾರು ಖಾಲಿ ಇದೆ. ಎಷ್ಟು ಹೊತ್ತಿಗೆ ಕಳಿಸಲಿ ಹೇಳು.

ನಿನ್ನ ಗೆಳೆಯ